ಸೋತ ಔಷಧಿಗಳ ಲೆಕ್ಕ ಯಾರು ಬರೀತಾರೆ ಮೇಷ್ಟ್ರೇ?

ಶ್ರೀನಿವಾಸಪುರ ಕಡೆಯಿಂದ ಒಬ್ಬರು ನಿವೃತ್ತ ವಿಜ್ಞಾನ ಮೇಷ್ಟ್ರು ಪತ್ರ ಬರೆದಿದ್ದಾರೆ. ಹೆಸರು ಹಾಕ್ಬೇಡಿ ಅಂದಿದ್ದಾರೆ, ಹಾಕಲ್ಲ. ಪತ್ರದ ಸಾರ ಇಷ್ಟು: "ಹೋದ ಸಂಚಿಕೇಲಿ ಸ್ಟ್ರೋಕ್, ಉರಿಯೂತ, ಮೆದುಳು ಅಂತ ಎರಡು ಪುಟ ಬರೆದ್ರಿ. ಕೊನೇಲಿ ನೋಡಿದ್ರೆ ಒಂದು ಔಷಧೀನೂ ಗೆದ್ದಿಲ್ಲ. ಇಷ್ಟು ವರ್ಷ ಇಲಿ ಕೊಂದು ದುಡ್ಡು ಸುರಿದು ಬಂದಿದ್ದೇನು? ಅದೇ ದುಡ್ಡಲ್ಲಿ ತಾಲ್ಲೂಕಿಗೊಂದು ಸಿಟಿ ಸ್ಕ್ಯಾನ್ ಇಟ್ಟಿದ್ರೆ ಜನ ಉಳೀತಿದ್ರು. ಸೋತಿದ್ದನ್ನ ಬರೆದು ಪುಟ ಯಾಕೆ ತುಂಬಿಸ್ತೀರಿ? ಉರಿಯೂತಕ್ಕೆ ನಮ್ಮ ಅರಿಶಿನ ಇಲ್ವಾ?" ಜೊತೆಗೆ ಒಂದು ಹಳೇ ಪೇಪರ್ ಕಟಿಂಗ್ ಪಿನ್ ಮಾಡಿದ್ದಾರೆ, ಹೆಡ್ಡಿಂಗು: ಪಾರ್ಶ್ವವಾಯುವಿಗೆ ಹೊಸ ಔಷಧಿ ಪತ್ತೆ.

ಮೇಷ್ಟ್ರೇ, ನಮಸ್ಕಾರ. ಪತ್ರ ಎರಡು ಸಲ ಓದ್ದೆ. ನಮ್ಮ ಸಂಚಿಕೆಯ ಕಾಗುಣಿತದ ತಪ್ಪಿಗೂ ಕೆಂಪು ಇಂಕಲ್ಲಿ ಗೆರೆ ಎಳೆದಿದ್ದೀರ, ಎಷ್ಟು ಮಕ್ಕಳ ಕಾಪಿ ತಿದ್ದಿದ ಕೈಯೋ, ಥ್ಯಾಂಕ್ಸ್. ಆದ್ರೆ "ಸೋತಿದ್ದನ್ನ ಯಾಕೆ ಬರೀತೀರಿ" ಅಂದ್ರಲ್ಲ, ಅದು ಮಾತ್ರ ಚುಚ್ತು.

ಮೊದಲು ನೀವು ಹೇಳಿದ್ರಲ್ಲಿ ಸರಿ ಇರೋದನ್ನ ಒಪ್ಕೊಂಡ್ಬಿಡ್ತೀನಿ. ಸಿಟಿ ಸ್ಕ್ಯಾನ್ ಬೇಕು, 108 ಬೇಗ ಬರ್ಬೇಕು, ಬಾಯಿ ಸೊಟ್ಟ ಆಯ್ತು ಕೈ ಎತ್ತಕ್ಕಾಗ್ತಿಲ್ಲ ಮಾತು ತೊದಲ್ತಿದೆ ಅಂದ್ರೆ ಗಂಟೆ ನೋಡ್ಕೊಂಡು ಓಡ್ಬೇಕು, ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಒಳಗೇ ಬೀಳ್ಬೇಕು. ದೊಡ್ಡ ರಕ್ತನಾಳ ಕಟ್ಟಿದ್ರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತೆ ಅಂತ 2006ರಲ್ಲೇ ಲೆಕ್ಕ ಹಾಕಿದ್ದಾರೆ. ನಿಮ್ಹಾನ್ಸ್ ಮತ್ತು ಸರ್ಕಾರ ಸೇರಿ 2022ರಲ್ಲಿ ಶುರು ಮಾಡಿದ ಮೆದುಳಿನ ಆರೋಗ್ಯದ ಕಾರ್ಯಕ್ರಮಕ್ಕೆ ಮೊದಲು ಆರಿಸ್ಕೊಂಡ ಜಾಗಗಳಲ್ಲಿ ನಮ್ಮ ಕೋಲಾರಾನೂ ಇತ್ತು, ಪಕ್ಕದ ಚಿಕ್ಕಬಳ್ಳಾಪುರಾನೂ ಇತ್ತು, ಸಂತೋಷ. ಸರಿ, ಒಪ್ಪಿದ್ದಾಯ್ತು.

ಈಗ ನನ್ನ ಮಾತು ಕೇಳಿ. ಕೋಲಾರದೋರಿಗೆ ಬೋರ್‌ವೆಲ್ ವಿಷಯ ಹೇಳಿಕೊಡ್ಬೇಕಾಗಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಹೊಲದಲ್ಲಿ ಓಡಾಡೋ ಜಲ ನೋಡೋರು ಇರ್ತಾರಲ್ಲ, ಕಾಯಿ ಎದ್ದು ನಿಂತ ಕಡೆ ನೀರು ಅಂತಾರೆ. ಅವರನ್ನ ಮಾತಾಡ್ಸಿ, "ಅಲ್ಲಿ ಮೂರಿಂಚು ಬಿತ್ತು, ಇಲ್ಲಿ ನಾಲ್ಕಿಂಚು ಬಿತ್ತು" ಅಂತ ಬೆರಳು ಮಡಚ್ತಾ ಹೋಗ್ತಾರೆ. ಫೇಲಾಗಿದ್ದೆಷ್ಟು ಅಂತ ಕೇಳಿ, ಟೀ ಬಂತು ಅಂತಾರೆ. ನಮ್ಮಪ್ಪ ಆರೆಕರೆಯಲ್ಲಿ ನಾಲ್ಕು ಕೊರೆಸಿದ್ರು, ನಾಲ್ಕರಲ್ಲೂ ಬರೀ ಧೂಳು, ಒಂದಂತೂ 1,300 ಅಡಿ. ಆದ್ರೆ ಅಪ್ಪನ ಹತ್ರ ಒಂದು ಹಳೇ ಸ್ಕೂಲ್ ನೋಟ್‌ಬುಕ್ ಇತ್ತು, ಲಾರಿ ಹೊರಟ ದಿನ ರಾತ್ರಿ ಕೂತು ಬರೆಯೋರು: ಹುಣಸೆಮರದಿಂದ ನಲವತ್ತು ಹೆಜ್ಜೆ ಪೂರ್ವಕ್ಕೆ, ನೂರಡಿವರೆಗೆ ಕೆಂಪುಪುಡಿ, ಆಮೇಲೆ ಬಿಳಿ, ಆಮೇಲೆ ಬರೀ ಕರೀ ಬಂಡೆ, ನೀರಿಲ್ಲ, ಇಷ್ಟು ಸಾವಿರ. ಅಮ್ಮ ಬಯ್ಯೋಳು, ದುಡ್ಡು ಹೋಗಿದ್ದಲ್ದೆ ಅದನ್ನ ಬೇರೆ ಬರ್ಕೊಂಡು ಕೂತಿದ್ದೀರ ಅಂತ. ಐದನೇದು ಕೊರೆಸೋವಾಗ ಆ ಪುಸ್ತಕ ನೋಡಿ ಆ ಬಂಡೆ ಸಾಲನ್ನೇ ಬಿಟ್ಟು ಕೆರೆ ಕಡೆ ಹೋದ್ರು, ಒಂದೂವರೆ ಇಂಚು ಬಂತು. ಊರಲ್ಲಿ ಹೆಸರು ಬಂದಿದ್ದು ತೆಂಗಿನಕಾಯಿಗೆ.

ಉರಿಯೂತದ ಸಂಶೋಧನೇಲಿ ಆಗಿರೋದೂ ಇದೇ ಕಣ್ರೀ. ಎಂಥಾ ಪದ ನೋಡಿ ಅದು, ಉರಿ ಮತ್ತು ಊತ, ಗಾಯ ಆದಾಗ ಏನೇನಾಗುತ್ತೋ ಅದರಲ್ಲಿ ಅರ್ಧ ಪದದಲ್ಲೇ ಇದೆ. ರಕ್ತ ನಿಂತ ಜಾಗದಲ್ಲಿ ಕೋಶ ಸತ್ತಾಗ ಅದರೊಳಗಿನ ಸಾಮಾನೆಲ್ಲ ಹೊರಗೆ ಚೆಲ್ಲುತ್ತೆ, ಅದನ್ನ ನೋಡಿ ಮೆದುಳಿನ ಕಾವಲುಗಾರ ಕೋಶಗಳು, ಮೈಕ್ರೋಗ್ಲಿಯಾ ಅಂತ, ಎದ್ದು ಕೂಗು ಹಾಕ್ತವೆ, ಆ ಕೂಗಿಗೆ ರಕ್ತದಿಂದ ಬಿಳಿರಕ್ತಕಣಗಳು ನುಗ್ತವೆ, ನುಗ್ಗೋವಾಗ ರಕ್ತನಾಳದ ಗೋಡೇನೇ ಸಡಿಲ ಮಾಡ್ತವೆ, ಮೂರು ನಾಲ್ಕನೇ ದಿನಕ್ಕೆ ಮೆದುಳು ಊದ್ಕೊಳ್ಳುತ್ತೆ. ತಲೆಬುರುಡೆ ಹಿಗ್ಗಲ್ಲವಲ್ಲ. ಹಾಗಾಗಿ ಮೊದಲ ಪೆಟ್ಟಲ್ಲಿ ಉಳಿದ ಭಾಗಾನೂ ಎರಡನೇ ಪೆಟ್ಟಲ್ಲಿ ಹೋಗುತ್ತೆ. ಇದನ್ನ ಓದಿದ ಯಾರಿಗಾದ್ರೂ ಒಂದೇ ಐಡಿಯಾ ಬರುತ್ತೆ: ಆ ಬಿಳಿಕಣಗಳನ್ನ ಬಾಗಿಲಲ್ಲೇ ತಡೆದ್ರಾಯ್ತು.

ತಡೆದ್ರು. ಬಿಳಿಕಣ ರಕ್ತನಾಳದ ಗೋಡೆ ಹಿಡ್ಕೊಳ್ಳೋ ಕೊಕ್ಕೆ ಇದೆಯಲ್ಲ, ಅದನ್ನ ಮುಚ್ಚೋಕೆ ಎನ್ಲಿಮೋಮ್ಯಾಬ್ ಅಂತ ಒಂದು ಪ್ರತಿಕಾಯ (ಆಂಟಿಬಾಡಿ) ತಯಾರು ಮಾಡಿದ್ರು. ಪ್ರಾಣಿಗಳಲ್ಲಿ ಆ ಕೊಕ್ಕೆ ಮುಚ್ಚಿದಾಗ ಮೆದುಳಿನ ಗಾಯ ಚಿಕ್ಕದಾಗಿತ್ತು. 625 ರೋಗಿಗಳ ಮೇಲೆ ಪರೀಕ್ಷೆ ಆಯ್ತು, ಫಲಿತಾಂಶ 2001ರಲ್ಲಿ ಅಚ್ಚಾಯ್ತು, ಔಷಧಿ ತಗೊಂಡೋರ ಸ್ಥಿತೀನೇ ಕೆಟ್ಟದಾಗಿತ್ತು, 90 ದಿನದಲ್ಲಿ ಸತ್ತೋರು ಔಷಧಿ ಕಡೆ ನೂರಕ್ಕೆ 22, ಬರೀ ನೀರಿನಂಥ ಇಂಜೆಕ್ಷನ್ ಕಡೆ 16. ನಿಮ್ಮ ಲೆಕ್ಕದಲ್ಲಿ ಕಥೆ ಇಲ್ಲಿಗೆ ಮುಗೀಬೇಕು. ಆದ್ರೆ ಕೆಲವರು ವಾಪಸ್ ಲ್ಯಾಬಿಗೆ ಹೋಗಿ ಕೂತ್ರು. ಆ ಪ್ರತಿಕಾಯ ಸುಂಡಿಲಿಯದು, ಮನುಷ್ಯನ ಮೈಗೆ ಪರಕೀಯ. ಅದಕ್ಕೆ ಸುಂಡಿಲಿಯ ಪ್ರತಿಕಾಯಾನೇ ದೊಡ್ಡ ಇಲಿಗೆ ಚುಚ್ಚಿ ನೋಡಿದ್ರು, ಮೈ ಅದರ ಮೇಲೇ ತಿರುಗಿಬಿದ್ದು ಉರಿಯೂತ ಇನ್ನೂ ಕೆರಳ್ತು. ಬೆಂಕಿ ಆರಿಸೋಕೆ ಅಂತ ತಂದ ಬಿಂದಿಗೇಲೇ ಸೀಮೆಎಣ್ಣೆ. ಇದನ್ನ ಕಂಡುಹಿಡಿದು ಬರೆದಿಟ್ಟೋರ ಮೇಲೆ ನಂಗೆ ಗೆದ್ದೋರಿಗಿಂತ ಗೌರವ ಜಾಸ್ತಿ.

ಆಮೇಲೂ ಸೋಲು ತಪ್ಪಿಲ್ಲ, ನಿಜ. 2006ರಲ್ಲಿ ಮೆಲ್ಬೋರ್ನ್ ಕಡೆಯೋರು ಕೂತು ಎಣಿಸಿದ್ರು, ಸ್ಟ್ರೋಕಿಗೆ ಲ್ಯಾಬಲ್ಲಿ ಪ್ರಯತ್ನ ಪಟ್ಟ ಚಿಕಿತ್ಸೆಗಳು 1,026, ಮನುಷ್ಯರವರೆಗೆ ಬಂದಿದ್ದು 114, ಆಸ್ಪತ್ರೇಲಿ ನಿಂತಿದ್ದು ಒಂದೋ ಎರಡೋ. ಸ್ಟೀರಾಯ್ಡ್ ಕೆಲಸಕ್ಕೆ ಬರ್ಲಿಲ್ಲ. ಗೌಟ್ ಅನ್ನೋ ಕೀಲುನೋವಿಗೆ ಕೊಡೋ ಕಾಲ್ಚಿಸಿನ್ ಮಾತ್ರೇನ ಚೀನಾದಲ್ಲಿ 8,343 ಜನರ ಪರೀಕ್ಷೇಲಿ ಮೂರು ತಿಂಗಳು ಕೊಟ್ಟು ನೋಡಿದ್ರು, 2024ರಲ್ಲಿ ಫಲಿತಾಂಶ ಬಂತು, ಎರಡನೇ ಸ್ಟ್ರೋಕ್ ತಪ್ಪಿಸಲಿಲ್ಲ. (ಬೇಲಿ ಮೇಲೆ ಹಬ್ಬೋ ಅಗ್ನಿಶಿಖೆ ಬಳ್ಳಿ ಗೆಡ್ಡೇಲಿ ಇರೋದೂ ಇದೇ ಕಾಲ್ಚಿಸಿನ್, ದಯವಿಟ್ಟು ಯಾರೂ ಅರೆದು ಕುಡೀಬೇಡಿ, ಜೀವ ಹೋಗುತ್ತೆ.) ನಿಮ್ಮ ಅರಿಶಿನಾನೂ ಅಷ್ಟೇ, ಲ್ಯಾಬಿನ ತಟ್ಟೇಲಿ ಒಳ್ಳೇ ಹುಡುಗ, ಹೊಟ್ಟೆಗೆ ಹೋದ್ಮೇಲೆ ರಕ್ತಕ್ಕೆ ಸೇರೋದೇ ಚೂರುಪಾರು. ಸಾರಿಗೆ ಹಾಕಿ, ಬೇಡ ಅನ್ನಲ್ಲ.

ಯಾಕೆ ಸೋಲ್ತವೆ? ಲ್ಯಾಬಿನ ಇಲಿ ಎಳೇ ವಯಸ್ಸಿಂದು, ಬಿಪಿ ಇಲ್ಲ, ಶುಗರ್ ಇಲ್ಲ, ಬೀಡಿ ಸೇದಲ್ಲ, ಸ್ಟ್ರೋಕ್ ಆಗಿದ್ದು ಎಷ್ಟು ನಿಮಿಷಕ್ಕೆ ಅಂತ ಗಡಿಯಾರ ಹಿಡಿದು ಗೊತ್ತಿರುತ್ತೆ. ನಮ್ಮೋರು ಬೆಳಿಗ್ಗೆ ಎದ್ದಾಗ ಆಗಿರುತ್ತೆ, ಯಾವಾಗ ಆಯ್ತೋ ದೇವರಿಗೇ ಗೊತ್ತು. ಅದಕ್ಕಿಂತ ದೊಡ್ಡ ವಿಷಯ ಒಂದಿದೆ, ಇದನ್ನ ಕಲಿಸಿದ್ದೂ ಸೋಲೇ: ಉರಿಯೂತ ಬರೀ ಶತ್ರು ಅಲ್ಲ. ಮೊದಲ ದಿನ ರಕ್ತನಾಳದ ಗೋಡೆ ಒಡೆಯೋ ಎಂಜೈಮನ್ನೇ ಏಳನೇ ದಿನ ತಡೆದು ನೋಡಿದ್ರು, ಇಲಿ ಚೇತರಿಸ್ಕೊಳ್ಳೋದು ಹಿಂದಕ್ಕೆ ಹೋಯ್ತು, ಯಾಕಂದ್ರೆ ಹೊಸ ರಕ್ತನಾಳ ಬೆಳೆಯೋಕೆ ಆಗ ಅದೇ ಎಂಜೈಮ್ ಬೇಕು. ಕಸ ಗುಡಿಸೋದೂ ಅದೇ ಮೈಕ್ರೋಗ್ಲಿಯಾ. ಮೊದಲ ದಿನದ ಪುಂಡ ಎರಡನೇ ವಾರಕ್ಕೆ ಮನೆ ಕಟ್ಟೋ ಮೇಸ್ತ್ರಿ.

ಇದು ನಂಗೆ ಪುಸ್ತಕದಲ್ಲಿ ಮೊದಲು ಗೊತ್ತಾಗಿದ್ದಲ್ಲ. ನಮ್ಮ ದೊಡ್ಡಪ್ಪ ಡೇರಿಗೆ ಹಾಲು ಹಾಕೋಕೆ ಹೋದಾಗ ಕ್ಯಾನು ಬಲಗೈಯಿಂದ ಜಾರಿ ರಸ್ತೆ ತುಂಬಾ ಹಾಲು. ಯಾರೋ ಪಾರಿವಾಳದ ರಕ್ತ ಹಚ್ಬೇಕು ಅಂದ್ರು, ಪಾರಿವಾಳ ತರೋಕೆ ಒಬ್ಬ ಹೋದ. ಬೆಂಗಳೂರು ಸೇರೋ ಹೊತ್ತಿಗೆ ಏಳು ಗಂಟೆ ದಾಟಿತ್ತು, ಇಂಜೆಕ್ಷನ್ ಮಾತೇ ಇಲ್ಲ. ಆದ್ರೂ ಎರಡನೇ ದಿನ ಕಣ್ಣು ಬಿಟ್ರು, ನಮ್ಮನೇಲಿ ತೆಲುಗು, "ನೀಳ್ಳು" ಅಂದ್ರು. ಪ್ರೀತಿಗೆ ಒಬ್ಬೊಬ್ಬರೂ ಒಂದೊಂದು ಚಮಚ ನೀರು, ದೊಡ್ಡಮ್ಮ ರಾಗಿ ಗಂಜಿ. ಕೆಮ್ಮಿದ್ರು, ನಾವು ಬೆನ್ನು ಸವರಿದ್ವಿ. ನಾಲ್ಕನೇ ದಿನ ಜ್ವರ, ನ್ಯುಮೋನಿಯಾ, ಹೋಗ್ಬಿಟ್ರು. ನುಂಗೋ ಶಕ್ತಿ ಇದೆಯಾ ಅಂತ ನೋಡ್ದೆ ಬಾಯಿಗೆ ಏನೂ ಹಾಕ್ಬಾರ್ದು ಅಂತ ಆ ವಾರ್ಡಲ್ಲಿ ನಮಗ್ಯಾರೂ ಹೇಳ್ಲಿಲ್ಲ. ಎಷ್ಟೋ ವರ್ಷ ಆದ್ಮೇಲೆ ಓದ್ದೆ, ಸ್ಟ್ರೋಕ್ ಆದ್ಮೇಲೆ ಮೆದುಳಲ್ಲಿ ಉರಿಯೂತ ಹೊತ್ತಿ ಉರೀತಿದ್ರೆ ಮಿಕ್ಕ ಮೈಯಲ್ಲಿ ರೋಗನಿರೋಧಕ ಶಕ್ತಿ ಕುಸಿದಿರುತ್ತೆ ಅಂತ, ಹಾಗಾಗಿ ಶ್ವಾಸಕೋಶಕ್ಕೆ ಇಳಿದ ಗಂಜಿ ಅಷ್ಟು ಬೇಗ ಕೊಲ್ಲುತ್ತೆ. ಅಂಥಾ ಮೈಗೆ ಇನ್ನೂ ನಿರೋಧಕ ಶಕ್ತಿ ತಗ್ಗಿಸೋ ಔಷಧಿ ಕೊಟ್ರೆ ಏನಾಗುತ್ತೆ, ಯೋಚ್ನೆ ಮಾಡಿ. ಮುಂಚೇನೇ ಆಂಟಿಬಯಾಟಿಕ್ ಕೊಟ್ರೆ ಅಂತಾನೂ ನೋಡಿದ್ದಾರೆ, ನೆದರ್ಲೆಂಡ್ಸಲ್ಲಿ 2,500ಕ್ಕೂ ಹೆಚ್ಚು ಜನರ ಮೇಲೆ, 2015ರ ಫಲಿತಾಂಶ, ಸ್ಟ್ರೋಕಿನ ಚೇತರಿಕೆಗೆ ಅದರಿಂದ ಅನುಕೂಲ ಆಗ್ಲಿಲ್ಲ.

ಗೆದ್ದ ಚಿಕಿತ್ಸೆಗಳ ಹಿಂದೆ ಏನಿದೆ ಅಂದ್ಕೊಂಡ್ರಿ? ಹೆಪ್ಪು ಕರಗಿಸೋ ಇಂಜೆಕ್ಷನ್ 1995ರಲ್ಲಿ ಗೆದ್ದಾಗ ಅದರ ಅಕ್ಕಪಕ್ಕದಲ್ಲೇ ಸ್ಟ್ರೆಪ್ಟೋಕೈನೇಸ್ ಅನ್ನೋ, ಹೆಪ್ಪು ಕರಗಿಸೋ ಇನ್ನೊಂದು ಔಷಧಿಯ ಪರೀಕ್ಷೆಗಳು ಮೆದುಳಲ್ಲಿ ರಕ್ತಸ್ರಾವ ಆಗಿ ಅರ್ಧಕ್ಕೇ ನಿಂತಿದ್ವು. ತೊಡೆಯಿಂದ ವೈರ್ ಹಾಕಿ ಮೆದುಳಿನ ಹೆಪ್ಪು ಎಳೆದು ತೆಗೀತಾರಲ್ಲ, 2013ರಲ್ಲಿ ಅದರ ಮೂರು ಪರೀಕ್ಷೆ ಒಟ್ಟಿಗೇ ಸೋತ್ವು, ಎಲ್ಲಾ ಮುಗೀತು ಅಂದ್ರು ಜನ. ಸೋತಿದ್ದನ್ನ ಬಿಡಿಸಿ ಓದಿದೋರಿಗೆ ಗೊತ್ತಾಯ್ತು, ದೊಡ್ಡ ರಕ್ತನಾಳ ಕಟ್ಟಿದೆಯಾ ಅಂತ ಸ್ಕ್ಯಾನಲ್ಲಿ ಖಾತ್ರಿ ಮಾಡ್ಕೊಳ್ದೇನೇ ಎಷ್ಟೋ ಜನರನ್ನ ಸೇರಿಸಿದ್ರು, ಸಲಕರಣೆ ಹಳೇದು, ಶುರು ಮಾಡಿದ್ದು ತಡ. ಅದನ್ನ ತಿದ್ಕೊಂಡ್ರು. 2015ರಲ್ಲಿ ಐದಕ್ಕೆ ಐದೂ ಗೆಲುವು. ಈಗ ಹಾಗೆ ರಕ್ತನಾಳ ತೆರೆದ ತಕ್ಷಣ ಉರಿಯೂತದ ಔಷಧಿ ಕೊಟ್ರೆ ಹೇಗೆ ಅಂತ ನೋಡ್ತಿದ್ದಾರೆ, ಆ ಹಳೇ ನೋಟ್‌ಬುಕ್ ಬಿಚ್ಚಿಟ್ಕೊಂಡೇ.

ನನ್ನ ಸಿಟ್ಟು ನಿಮ್ಮ ಮೇಲಲ್ಲ ಮೇಷ್ಟ್ರೇ. ನಮ್ಮ ಪತ್ರಿಕೆಯೋರ ದಂಧೆ ಮೇಲೆ. "ಪತ್ತೆ" ಅಂತ ಹೆಡ್ಡಿಂಗ್ ಹಾಕ್ತೀವಿ, ಎಂಟನೇ ಸಾಲಲ್ಲಿ "ಇಲಿಗಳಲ್ಲಿ" ಅಂತ ಸಣ್ಣದಾಗಿ ಬರೀತೀವಿ, ಐದು ವರ್ಷ ಆದ್ಮೇಲೆ ಅದು ಏನಾಯ್ತು ಅಂತ ಯಾವನೂ ಕೇಳಲ್ಲ. ಕನ್ನಡದಲ್ಲಿ ವಿಜ್ಞಾನಕ್ಕೆ ಅಂತ ಇದ್ದ ಪುಟಗಳು ಒಂದೊಂದಾಗಿ ಜ್ಯೋತಿಷ್ಯಕ್ಕೂ ರಿಯಲ್ ಎಸ್ಟೇಟಿಗೂ ಹೋದ್ವು, ಖಾಲಿ ಜಾಗಕ್ಕೆ ವಾಟ್ಸಾಪ್ ಬಂತು. ಇನ್ನು ಶಾಲೆ ಕಾಲೇಜು, ಇಲ್ಲಿ ಸ್ವಲ್ಪ ನಿಮಗೂ ತಗಲುತ್ತೆ, ಕ್ಷಮಿಸಿ. ಪಿಯುಸಿ ಲ್ಯಾಬಲ್ಲಿ ನಾನು ದಾರಕ್ಕೆ ಗುಂಡು ಕಟ್ಟಿ ತೂಗಿಸಿ ಗುರುತ್ವದ ಲೆಕ್ಕ ಮಾಡಿದ್ರೆ 8.9 ಬಂತು. ಲೆಕ್ಚರರ್ ರೆಕಾರ್ಡ್ ಬುಕ್ ನೋಡಿ, ಪಕ್ಕದವನ್ದು ನೋಡಿ 9.8 ಬರಿ, ಸೈನ್ ಹಾಕ್ತೀನಿ ಅಂದ್ರು. ಬರೆದೆ. ಹತ್ತಕ್ಕೆ ಹತ್ತು ಬಂತು. ಆ ದಾರ ಎಲ್ಲಿ ಉದ್ದ ತಪ್ಪಿ ಅಳೆದಿದ್ದೆ ಅಂತ ಇವತ್ತಿಗೂ ಗೊತ್ತಿಲ್ಲ. ನಿಮ್ಮ ಲ್ಯಾಬಲ್ಲಿ ನೀವು ಏನು ಮಾಡ್ತಿದ್ರಿ, ಬಿಡಿ, ಕೇಳಲ್ಲ.

ನೀವು ಕಳಿಸಿದ ಕಟಿಂಗ್ ನನ್ನ ಮೇಜಿನ ಮೇಲೇ ಇದೆ. ನೋಡ್ದೆ, ಇದರಲ್ಲೂ ಇಲಿ ಇರೋದು ಎಂಟನೇ ಸಾಲಲ್ಲೇ. ಹಿಂದುಗಡೆ ಟೊಮೆಟೊ ರೇಟು ಅರ್ಧ ಕತ್ತರಿಸಿ ಹೋಗಿದೆ, ತಾರೀಖು ಮಾತ್ರ ಎಲ್ಲೂ ಇಲ್ಲ. ಯಾವ ವರ್ಷದ್ದು ಅಂತ ನೆನಪಿದ್ರೆ ಒಂದು ಕಾರ್ಡ್ ಹಾಕಿ, ಆ ಔಷಧಿ ಆಮೇಲೆ ಏನಾಯ್ತು ಅಂತ ಹುಡುಕ್ತೀನಿ. ಸೋತಿದ್ರೂ ಹಾಕ್ತೀನಿ.

— ಸಂ.