ಮೇಜಿನೊಳಗಿನ ಸಾಕೆಟ್‌ಗೆ ಪೇಟೆಂಟ್ ಸಿಗುವುದೇ?

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕಚೇರಿ ಪೀಠೋಪಕರಣ ತಯಾರಿಸುವ ಸಣ್ಣ ಘಟಕ ನಮ್ಮದು. ಫೈಬರ್‌ಗ್ಲಾಸ್ ಪದರಗಳ ಮೇಜಿನ ಹಲಗೆಯಲ್ಲಿ, ಒತ್ತಿದರೆ ಮೇಲೇಳುವ ಸಾಕೆಟ್ ಪೆಟ್ಟಿಗೆಯನ್ನು ಕೂರಿಸಿದ್ದೇವೆ. ಹಲಗೆ ಸಿದ್ಧವಾದ ಮೇಲೆ ಕಿಂಡಿ ಕೊರೆಯುವ ಬದಲು, ಅಚ್ಚಿನಲ್ಲಿಯೇ ನಾರಿನ ಎಳೆಗಳನ್ನು ಕಿಂಡಿಯ ಸುತ್ತ ಬಳಸಿ ಹಾಯಿಸುತ್ತೇವೆ. ಮೇಲೇಳುವ ಸಾಕೆಟ್‌ಗೆ ಅಮೆರಿಕದಲ್ಲಿ ಪೇಟೆಂಟ್ ಇದೆಯೆಂದು ಗೊತ್ತಾಯಿತು. ನಾವು ಇದನ್ನು ಮಾರಬಹುದೇ? ನಮಗೂ ಪೇಟೆಂಟ್ ಸಿಗುವುದೇ? ಮುಂದಿನ ತಿಂಗಳು ಪ್ರದರ್ಶನವೊಂದರಲ್ಲಿ ಇಡುವ ಯೋಚನೆಯಿದೆ.

ಉತ್ತರ: ಪೇಟೆಂಟ್ ಎಂಬುದು ಕೊಟ್ಟ ದೇಶದ ಗಡಿಯೊಳಗೆ ಮಾತ್ರ ನಡೆಯುವ ಹಕ್ಕು. ಆ ಅಮೆರಿಕದ ಪೇಟೆಂಟ್‌ದಾರರು ಭಾರತದಲ್ಲಿಯೂ ಅರ್ಜಿ ಹಾಕಿ ಪೇಟೆಂಟ್ ಪಡೆದಿರದಿದ್ದರೆ, ನೀವು ಅದನ್ನು ಇಲ್ಲಿ ತಯಾರಿಸಿ ಮಾರುವುದಕ್ಕೆ ಅಡ್ಡಿಯಿಲ್ಲ. ಅಮೆರಿಕಕ್ಕೆ ರಫ್ತು ಮಾಡಿದರೆ ಮಾತ್ರ ತೊಡಕು. ಅವರಿಗೆ ಇಲ್ಲಿಯೂ ಪೇಟೆಂಟ್ ಇದೆಯೇ ಎಂಬುದನ್ನು ಭಾರತೀಯ ಪೇಟೆಂಟ್ ಕಚೇರಿಯ ಇನ್‌ಪಾಸ್ ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. ಹುಡುಕುವಾಗ ಚಿತ್ರಗಳನ್ನು ನೋಡಿ ಗಾಬರಿಯಾಗಬೇಡಿ. ಹಕ್ಕಿನ ಎಲ್ಲೆಯನ್ನು ಹೇಳುವುದು ದಾಖಲೆಯ ಕೊನೆಯಲ್ಲಿರುವ ಕ್ಲೇಮುಗಳು. ಅಲ್ಲಿ ಹೇಳಿದ ಅಂಶಗಳಲ್ಲಿ ಒಂದು ನಿಮ್ಮ ಪೆಟ್ಟಿಗೆಯಲ್ಲಿ ಇಲ್ಲದಿದ್ದರೂ ಉಲ್ಲಂಘನೆಯ ವಾದ ಬಹುಮಟ್ಟಿಗೆ ಸಡಿಲವಾಗುತ್ತದೆ.

ಆದರೆ ಅದೇ ಅಮೆರಿಕದ ದಾಖಲೆ ನಿಮ್ಮ ಅರ್ಜಿಗೆ ಎದುರಾಗಿ ನಿಲ್ಲುತ್ತದೆ, ಏಕೆಂದರೆ ಹೊಸತನವನ್ನು ಅಳೆಯುವಾಗ ಜಗತ್ತಿನ ಯಾವ ಮೂಲೆಯಲ್ಲಿ ಪ್ರಕಟವಾದುದನ್ನೂ ಪರಿಗಣಿಸಲಾಗುತ್ತದೆ. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಎಫ್) ಪ್ರಕಾರ, ಗೊತ್ತಿರುವ ಸಾಧನಗಳನ್ನು ಬರಿದೆ ಜೋಡಿಸಿಟ್ಟು, ಪ್ರತಿಯೊಂದೂ ತನ್ನ ಪಾಡಿಗೆ ಹಳೆಯ ರೀತಿಯಲ್ಲಿಯೇ ಕೆಲಸ ಮಾಡುತ್ತಿದ್ದರೆ ಅದು ಆವಿಷ್ಕಾರವಲ್ಲ. "ಫೈಬರ್ ಮೇಜು, ಅದರಲ್ಲೊಂದು ಸಾಕೆಟ್" ಎಂದು ಬರೆದುಕೊಟ್ಟರೆ ಅರ್ಜಿ ಇಲ್ಲಿಯೇ ಮುಗ್ಗರಿಸುತ್ತದೆ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಸಾಕೆಟ್ ಅಲ್ಲ, ಕಿಂಡಿ. ನಾರು ಪದರದ ಹಲಗೆಗೆ ಬಲವಿರುವುದು ನಾರು ಓಡುವ ದಿಕ್ಕಿನಲ್ಲಿ. ಗರಗಸದಿಂದ ಚೌಕ ಕತ್ತರಿಸಿದರೆ ಎಳೆಗಳು ತುಂಡಾಗುತ್ತವೆ, ಮೂಲೆಗಳಲ್ಲಿ ಒತ್ತಡ ಸೇರಿ ಬಿರುಕು ಹುಟ್ಟುತ್ತದೆ, ಬಯಲಾದ ಅಂಚಿನಿಂದ ತೇವ ಒಳಗಿಳಿದು ಪದರ ಬಿಡಲು ದಾರಿಯಾಗುತ್ತದೆ. ದಿನಕ್ಕೆ ಹತ್ತಾರು ಸಲ ಪ್ಲಗ್ ಎಳೆಯುವ ಜಾಗವೇ ಹಲಗೆಯ ಅತಿ ದುರ್ಬಲ ಜಾಗವಾಗಿಬಿಡುತ್ತದೆ. ಎಳೆಗಳು ತುಂಡಾಗದೆ ಸುತ್ತಿಬಂದು ಪೆಟ್ಟಿಗೆಯ ಚೌಕಟ್ಟನ್ನು ತಾವೇ ಹಿಡಿದುಕೊಳ್ಳುವುದಾದರೆ, ಹಲಗೆಯೂ ಪೆಟ್ಟಿಗೆಯೂ ಒಂದಕ್ಕೊಂದು ಆಸರೆಯಾಗಿ ಕೆಲಸ ಮಾಡುತ್ತವೆ ಎಂದು ವಾದಿಸಬಹುದು. ಆದುದರಿಂದ ಎಳೆಗಳ ವಿನ್ಯಾಸ, ಚೌಕಟ್ಟು ಕೂರುವ ಬಗೆ, ಅಚ್ಚಿನ ವಿಧಾನ ಇವನ್ನು ಕೇಂದ್ರವಾಗಿಟ್ಟು ಕ್ಲೇಮು ಬರೆಸಿ. ಕೊರೆದ ಹಲಗೆ ಎಷ್ಟು ಭಾರಕ್ಕೆ ಬಿರುಕು ಬಿಟ್ಟಿತು, ನಿಮ್ಮದು ಎಷ್ಟು ತಡೆಯಿತು ಎಂಬ ಅಳತೆಯೂ ಜೊತೆಗಿರಲಿ. ಮುಂದೆ ಕಾರ್ಬನ್ ಫೈಬರ್ ಬಳಸುವ ಆಸೆಯಿದ್ದರೆ ಒಂದು ಎಚ್ಚರಿಕೆ: ಗಾಜಿನ ನಾರಿನಂತಲ್ಲದೆ ಅದು ವಿದ್ಯುತ್ ವಾಹಕ.

ಮೇಜಿನ ಹಲಗೆಗೂ ವಿದ್ಯುತ್ತಿಗೂ ನಂಟು ಹೊಸದಲ್ಲ. ನಮ್ಮ ಬಡಿಗರು ಸನ್‌ಮೈಕಾ ಎನ್ನುವ ಜಾತಿಯ ಹಾಳೆಗಳ ಹಿರಿಯಜ್ಜ ಫಾರ್ಮೈಕಾ 1912ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು ವಿದ್ಯುತ್ ನಿರೋಧಕವಾಗಿ, ಮೈಕಾ ಅಂದರೆ ಅಭ್ರಕದ ಬದಲಿಗೆ. "ಫಾರ್ ಮೈಕಾ", ಅಂದರೆ ಮೈಕಾದ ಬದಲಿಗೆ, ಎಂಬುದರಿಂದಲೇ ಹೆಸರೂ ಬಂತು. ಮೇಜಿನ ಮೇಲೆ ಏರಿದ್ದು ಆಮೇಲೆ.

ಪ್ರದರ್ಶನದ ವಿಷಯ ತುರ್ತಿನದು. ಅರ್ಜಿಗೆ ಮೊದಲೇ ಸಾರ್ವಜನಿಕವಾಗಿ ತೋರಿಸಿದರೆ ಹೊಸತನ ಕಳೆದುಹೋಗಬಹುದು. ಕಾಯ್ದೆಯಲ್ಲಿರುವ ವಿನಾಯಿತಿ ಎಲ್ಲ ಪ್ರದರ್ಶನಗಳಿಗೂ ಅನ್ವಯಿಸುವುದಿಲ್ಲ, ಅದನ್ನು ನಂಬಿ ಕೂರಬೇಡಿ. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಸೇರುತ್ತವೆಯಾದರೂ ಹುಬ್ಬಳ್ಳಿಯಿಂದಲೇ ಆನ್‌ಲೈನ್ ಮೂಲಕ ತಾತ್ಕಾಲಿಕ ವಿವರಣೆಯೊಂದಿಗೆ ಸಲ್ಲಿಸಬಹುದು. ವ್ಯಕ್ತಿಯ ಹೆಸರಿನಲ್ಲಾದರೆ ಮೂಲ ಶುಲ್ಕ 1,600 ರೂಪಾಯಿ. ಪೂರ್ಣ ವಿವರಣೆಗೆ ಅಲ್ಲಿಂದ 12 ತಿಂಗಳ ಕಾಲಾವಕಾಶವಿದೆ. ಪೇಟೆಂಟ್ ಸಿಕ್ಕರೆ ಅರ್ಜಿಯ ದಿನದಿಂದ 20 ವರ್ಷ, ನವೀಕರಣ ಶುಲ್ಕ ಕಟ್ಟುತ್ತಿದ್ದರೆ ಮಾತ್ರ. ಅರ್ಜಿ ಸಂಖ್ಯೆ ಕೈಸೇರಿದ ಮೇಲೆ ಮೇಜನ್ನು ಪ್ರದರ್ಶನಕ್ಕೆ ಸಾಗಿಸಿ.