ತೆರೆದ ಏರ್ ಫಿಲ್ಟರ್ ಹಾಕಿಸಿದರೆ ಪಿಕಪ್ ಹೆಚ್ಚುತ್ತದೆಯೇ?

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿನ ಏರ್ ಫಿಲ್ಟರ್ ಡಬ್ಬಿಯನ್ನು ತೆಗೆದು, ಶಂಕುವಿನಾಕಾರದ ತೆರೆದ ಫಿಲ್ಟರ್ ಹಾಕಿದರೆ ಪಿಕಪ್ ಹೆಚ್ಚುತ್ತದೆಂದು ಗ್ಯಾರೇಜಿನವರು ಹೇಳುತ್ತಾರೆ. ಹಾಕಿಸಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹಾಕಿಸದಿರುವುದೇ ಒಳ್ಳೆಯದು. ಎಂಜಿನ್ನಿನ ಶಕ್ತಿಯು ಅದು ಒಳಗೆಳೆದುಕೊಳ್ಳುವ ಗಾಳಿಯ ತೂಕವನ್ನು ಅವಲಂಬಿಸಿದೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿಯ ಉಷ್ಣತೆ 3 ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ಸಾಂದ್ರತೆ ಸುಮಾರು ಶೇ 1ರಷ್ಟು ಇಳಿಯುತ್ತದೆ. ಕಂಪನಿಯ ಡಬ್ಬಿಗೆ ಜೋಡಿಸಿದ ಕೊಳವೆಯು ಸಾಮಾನ್ಯವಾಗಿ ಮುಂಭಾಗದ ಜಾಲರಿಯ ಬಳಿಯಿಂದ ಹೊರಗಿನ ಗಾಳಿಯನ್ನು ತರುತ್ತದೆ; ತೆರೆದ ಫಿಲ್ಟರಾದರೋ ರೇಡಿಯೇಟರ್ ದಾಟಿ ಬಾನೆಟ್ಟಿನೊಳಗೆ ಸೇರಿದ ಬಿಸಿಗಾಳಿಯನ್ನೇ ಹೀರುವುದರಿಂದ, ಪೇಟೆಯ ವಾಹನದಟ್ಟಣೆಯಲ್ಲಿ ಪಿಕಪ್ ಕುಗ್ಗುವುದೂ ಉಂಟು. ಹೆಚ್ಚುವುದು ಸದ್ದು ಮಾತ್ರ. ಅದನ್ನೇ ಶಕ್ತಿಯೆಂದು ನಂಬುವವರು ಕಡಿಮೆಯೇನಿಲ್ಲ.

ಎಣ್ಣೆ ಸವರಿದ ಹತ್ತಿಯ ಫಿಲ್ಟರಾದರೆ, ಎಣ್ಣೆ ಅತಿಯಾದಾಗ ಅದು ಗಾಳಿಯನ್ನು ಅಳೆಯುವ ಸೆನ್ಸರಿಗೆ ಅಂಟಿ ಅಳತೆ ತಪ್ಪಬಹುದು. ತಂಪು ಗಾಳಿಯ ಆಸೆಗೆ ಫಿಲ್ಟರನ್ನು ಬಂಪರಿನ ಕೆಳಭಾಗಕ್ಕೆ ಇಳಿಸಿದರೆ, ಮಳೆಗಾಲದಲ್ಲಿ ನಿಂತ ನೀರನ್ನು ಎಂಜಿನ್ ಎಳೆದುಕೊಂಡು ಕನೆಕ್ಟಿಂಗ್ ರಾಡ್ (ಎಂಜಿನ್ನಿನೊಳಗೆ ಪಿಸ್ಟನ್ನಿಗೆ ಜೋಡಿಸಿದ ಸರಳು) ಬಾಗುವ ಅಪಾಯವಿದೆ. ವಾರಂಟಿಗೂ ತಕರಾರು ಬರಬಹುದು.

ಪಿಕಪ್ ಈಚೆಗೆ ಕಡಿಮೆಯಾಗಿದೆಯೆಂದಾದರೆ, ಮೊದಲು ಈಗಿರುವ ಕಾಗದದ ಫಿಲ್ಟರನ್ನು ಹೊರತೆಗೆದು, ಮಡಿಕೆಗಳಲ್ಲಿ ಧೂಳು ಕಟ್ಟಿದ್ದರೆ ಹೊಸದನ್ನು ಹಾಕಿಸಿ, ಸ್ಪಾರ್ಕ್ ಪ್ಲಗ್ಗುಗಳನ್ನೂ ನೋಡಿಸಿ.