ಬಾಯಿಯ ಸುತ್ತಲಿನ ಗುಳ್ಳೆಗಳು: ಮೊದಲು ಮುಲಾಮಿನ ಟ್ಯೂಬ್ ನೋಡಿ

ಬಾಯಿಯ ಸುತ್ತ ಎದ್ದ ಗುಳ್ಳೆಗಳು ಔಷಧಿ ಅಂಗಡಿಯ ಮುಲಾಮು ಹಚ್ಚಿದಾಗ ಇಳಿದು, ಬಿಟ್ಟೊಡನೆ ಹೆಚ್ಚಾಗುತ್ತವೆ ಎಂದು ಬರೆದಿದ್ದೀರಿ. ಇದು ಸಾಮಾನ್ಯ ಮೊಡವೆಯಾಗಿರದೆ ಪೆರಿಯೋರಲ್ ಡರ್ಮಟೈಟಿಸ್ ಎಂಬ ಉರಿಯೂತವಿರಬಹುದು. ತುಟಿಯಂಚಿನ ಕಿರಿದಾದ ಪಟ್ಟಿಯಷ್ಟು ಚರ್ಮ ಮಾತ್ರ ಸ್ವಚ್ಛವಾಗಿದ್ದು, ಅದರಾಚೆ ಸಣ್ಣ ಕೆಂಪು ಗುಳ್ಳೆಗಳು ಗುಂಪಾಗಿದ್ದು, ಬ್ಲ್ಯಾಕ್‌ಹೆಡ್‌ಗಳು ಕಾಣದಿದ್ದರೆ ಈ ಅನುಮಾನ ಬಲವಾಗುತ್ತದೆ. ಟ್ಯೂಬಿನ ಮೇಲೆ ಬೆಟಾಮೆಥಾಸೋನ್, ಕ್ಲೊಬೆಟಾಸೋಲ್ ಅಥವಾ ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್, ಅಂದರೆ ಉರಿಯೂತವನ್ನು ಅದುಮಿಡುವ ಔಷಧಿ. ಬಹುಮಟ್ಟಿಗೆ ಅದೇ ಕಾರಣ. (ಚರ್ಮ ಬೆಳ್ಳಗಾಗಿಸುವ ಕೆಲವು ಕ್ರೀಮುಗಳಲ್ಲೂ ಇದು ಇರುತ್ತದೆ.) ಅದನ್ನು ನಿಲ್ಲಿಸಿದ ಮೇಲೆ ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ, ಉರಿ ಮತ್ತು ಕೆಂಪು ಹೆಚ್ಚುವುದುಂಟು, ಹೆದರಿ ಮತ್ತೆ ಹಚ್ಚಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಆಗ ಉಗುರುಬೆಚ್ಚಗಿನ ನೀರಿನಲ್ಲಿ ಮುಖ ತೊಳೆದರೆ ಸಾಕು, ಮೇಕಪ್, ಸ್ಕ್ರಬ್, ನಿಂಬೆರಸ ಯಾವುದೂ ಬೇಡ. ಚರ್ಮರೋಗ ತಜ್ಞರು ಪರೀಕ್ಷಿಸಿ ಮೆಟ್ರೋನಿಡಜೋಲ್ ಜೆಲ್ ಅಥವಾ ಡಾಕ್ಸಿಸೈಕ್ಲಿನ್ ಮಾತ್ರೆ ಬರೆದುಕೊಡಬಹುದು. ಗರ್ಭಿಣಿಯಾಗಿದ್ದರೆ ಅವರಿಗೆ ಮೊದಲೇ ತಿಳಿಸಿ.